ಕೋಲಾರದ ಸಭೆಯ ಮೊದಲ ಸಾಲು

ಕೋಲಾರದ ಮೆಥಡಿಸ್ಟ್ ಸಭೆಯ, ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡದ ಚರ್ಚಿನ, ಆರಂಭದ ಚರಿತ್ರೆ ಬರೆಯಲು ಕುಳಿತಾಗ ಮೊದಲ ಸಾಲಿನಲ್ಲೇ 1890 ಎಂದು ಹಾಕಿದ್ದೆ. ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯವರು ಇಲ್ಲಿಯ ಮಿಷನ್ ಕೆಲಸವನ್ನು ವಹಿಸಿಕೊಂಡ ವರ್ಷ ಅದು. ಒಂದು ಮನೆಯ ಹಳೆಯ ಬೈಬಲ್ ನೋಡಿದ ಮೇಲೆ ಆ ಸಾಲನ್ನು ಹೊಡೆದುಹಾಕಿದೆ.

ಜನನ, ಮದುವೆ, ಮರಣಗಳನ್ನು ಬೈಬಲಿನ ಮೊದಲ ಖಾಲಿ ಹಾಳೆಯಲ್ಲಿ ಬರೆದಿಡುವುದು ನಮ್ಮ ಅನೇಕ ಮನೆಗಳ ರೂಢಿ. ಆ ಮನೆಯ ಅಜ್ಜಿ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಪುಸ್ತಕವನ್ನು ಬಿಚ್ಚಿ ನನ್ನ ಮುಂದಿಟ್ಟರು. ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಹೆಸರುಗಳಿಗೆಲ್ಲ ತಂದೆ, ತಾಯಿ, ಊರು ಇದ್ದವು. ಮೇಲಿನ ಮೊದಲ ಹೆಸರಿಗೆ ಮಾತ್ರ ಏನೂ ಇರಲಿಲ್ಲ. ‘ಬರದಲ್ಲಿ ಬಂದವರು’ ಎಂದಷ್ಟೇ ಇತ್ತು. ‘ನಮ್ಮ ಮುತ್ತಾತ ಧಾತು ಈಶ್ವರ ಬರದ ಮಗು ಕಣಪ್ಪಾ’ ಎಂದರು ಅಜ್ಜಿ.

ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ 1876-78ರ ಆ ಕ್ಷಾಮದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಹಿಂದೆ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನಲ್ಲಿದ್ದ ಮಿಸ್ ಆನ್‌ಸ್ಟಿ ಕೋಲಾರದಲ್ಲಿ ಅನಾಥ ಮಕ್ಕಳನ್ನು ಸಾಕಿ, ಓದು ಕಲಿಸಿ ಬೆಳೆಸಿದರು. 1890ರಲ್ಲಿ ಮೆಥಡಿಸ್ಟರಿಗೆ ಅವರು ಒಪ್ಪಿಸಿದ್ದು ಜಾಗ, ಕಟ್ಟಡಗಳನ್ನು ಮಾತ್ರವಲ್ಲ, ಆ ಮಕ್ಕಳಿಂದ ಬೆಳೆದ ಸಭೆಯನ್ನೂ. ಹಾಗಿರುವಾಗ ಹಸ್ತಾಂತರದ ದಿನವನ್ನು ಸಭೆಯ ಹುಟ್ಟುದಿನ ಎನ್ನಲು ನನಗೆ ಮನಸ್ಸು ಒಪ್ಪಲಿಲ್ಲ.

ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಒಂದು ಮನೆಯವರು ಹೇಳಿದ ಧಾತುವನ್ನು 1876 ಎಂದು ಬರೆದುಕೊಂಡಿದ್ದೆ. ಲೆಕ್ಕ ಹಾಕಿದರೆ ಅದು 1936ರದು. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳತೊಡಗಿದೆ: ಮಿಷನ್ ಆಸ್ಪತ್ರೆ ಬರುವ ಮುಂಚೆಯೋ, ಬಂದ ಮೇಲೋ? ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ 1910ರದು. ಅದನ್ನು ಮರೆತವರು ಊರಿನಲ್ಲಿಲ್ಲ.

ಗುಬ್ಬಿ, ತುಮಕೂರಿನ ವೆಸ್ಲಿಯನ್ ಮಿಷನ್ನಿನ ಟಿಪ್ಪಣಿಗಳೂ ಕೈಗೆ ಬಂದವು. ಅವರೂ ಮೆಥಡಿಸ್ಟರೇ, ಆದರೆ ಬ್ರಿಟಿಷ್ ಶಾಖೆಯವರು. 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದರು. ಆ ಕಟ್ಟನ್ನು ಬದಿಗಿಟ್ಟೆ.

ಪುಸ್ತಿಕೆಯ ಮೊದಲ ಪುಟದಲ್ಲಿ ಅಜ್ಜಿಯ ಬೈಬಲಿನ ಆ ಹಾಳೆಯನ್ನು ಇದ್ದ ಹಾಗೆಯೇ ನಕಲು ಮಾಡಿದೆ. ಮುದ್ರಣಾಲಯದವರು ಕರಡಿನಲ್ಲಿ ಕೆಂಪು ಗೆರೆ ಎಳೆದು, ‘ಇಲ್ಲಿ ತಂದೆಯ ಹೆಸರು ಬಿಟ್ಟುಹೋಗಿದೆ’ ಎಂದು ಕಳಿಸಿದರು. ಬಿಟ್ಟುಹೋಗಿಲ್ಲ, ಜಾಗ ಖಾಲಿಯೇ ಇರಲಿ ಎಂದು ಬರೆದು ಹಿಂತಿರುಗಿಸಿದೆ.