ಒಂದು ಗಂಟೆಯ ವಿಮಾನದಲ್ಲಿ ಎಷ್ಟು ಸಿಬ್ಬಂದಿ ಇರಬೇಕು: ಲೆಕ್ಕ ಹಾಕುವ ಬಗೆ

ಬೆಂಗಳೂರಿನಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗುವ ವಿಮಾನದಲ್ಲಿ ಕರೆಗಂಟೆ ಒತ್ತಿ ಹತ್ತು ನಿಮಿಷ ಕಾದವರು ಸಿಬ್ಬಂದಿ ಸಾಲದೆಂದು ಗೊಣಗುವುದುಂಟು. ಆ ಗೊಣಗಾಟಕ್ಕೆ ಆಧಾರವಿದೆಯೇ ಎಂಬುದನ್ನು ಪ್ರಯಾಣಿಕರು ತಾವೇ ಪರೀಕ್ಷಿಸಿಕೊಳ್ಳಬಹುದು; ಅದಕ್ಕೆ ಬೇಕಾಗಿರುವುದು ವಿಮಾನದ ಆಸನ ಸಂಖ್ಯೆ ಮತ್ತು ಸಣ್ಣದೊಂದು ಭಾಗಾಕಾರ.

ಮೊದಲು ವಿಮಾನದ ಮಾದರಿಯನ್ನು ತಿಳಿದುಕೊಳ್ಳಿ. ಮುಂದಿನ ಆಸನದ ಜೇಬಿನಲ್ಲಿರುವ ಸುರಕ್ಷತಾ ಕಾರ್ಡಿನಲ್ಲಿ ಅದರ ಹೆಸರಿರುತ್ತದೆ, ಟಿಕೆಟ್ ಕಾಯ್ದಿರಿಸುವಾಗ ಕಾಣುವ ಆಸನ ನಕ್ಷೆಯಿಂದ ಒಟ್ಟು ಆಸನಗಳೆಷ್ಟೆಂದು ಎಣಿಸಬಹುದು. ಭಾರತದಲ್ಲಿ ಪಾಲಿಸಲಾಗುವ ಲೆಕ್ಕವು ಸ್ಥೂಲವಾಗಿ ಪ್ರತಿ 50 ಆಸನಗಳಿಗೆ ಕ್ಯಾಬಿನ್ ಸಿಬ್ಬಂದಿಯಲ್ಲಿ (ಪೈಲಟ್‌ಗಳನ್ನು ಬಿಟ್ಟು) ಒಬ್ಬರು, ಮಿಕ್ಕ ಆಸನಗಳಿಗೆ ಇನ್ನೊಬ್ಬರು. ಇಲ್ಲಿ ಎಣಿಕೆಗೆ ಬರುವುದು ಆಸನಗಳೇ ಹೊರತು ಕುಳಿತಿರುವ ಜನರಲ್ಲ. ವಿಮಾನ ಅರ್ಧ ಖಾಲಿಯಿದ್ದರೂ ಸಿಬ್ಬಂದಿಯ ಸಂಖ್ಯೆ ಇಳಿಯುವುದಿಲ್ಲ. ಈ ಪ್ರಕಾರ 48 ಆಸನಗಳ ಎಟಿಆರ್ 42ರಲ್ಲಿ ಒಬ್ಬರು, ಇಂಡಿಗೋದ 78 ಆಸನಗಳ ಎಟಿಆರ್ 72ರಲ್ಲಿ ಇಬ್ಬರು, 186 ಆಸನಗಳ ಏರ್‌ಬಸ್ ಎ320ರಲ್ಲಿ ನಾಲ್ವರು, 232 ಆಸನಗಳ ಎ321ರಲ್ಲಿ ಐವರು ಇರಬೇಕಾಗುತ್ತದೆ.

ಇದು ಕನಿಷ್ಠ ಮಿತಿ. ಆದರೆ ಅಗ್ಗದ ದರದ ಸಂಸ್ಥೆಗಳು ಇಂಥ ಮಿತಿಯನ್ನೇ ಗರಿಷ್ಠವೆಂಬಂತೆ ನಡೆಸಿಕೊಳ್ಳುವುದುಂಟು. 2022ರ ಬೇಸಿಗೆಗೆ ಮುನ್ನ ಸಿಬ್ಬಂದಿಯ ಕೊರತೆ ಎದುರಿಸಿದ ಬ್ರಿಟನ್ನಿನ ಈಸಿಜೆಟ್, ತನ್ನ 156 ಆಸನಗಳ ಎ319 ವಿಮಾನಗಳ ಕೊನೆಯ ಸಾಲನ್ನೇ ಕಿತ್ತು 150 ಆಸನಗಳಿಗೆ ಇಳಿಸುವುದಾಗಿಯೂ, ಆಗ ನಾಲ್ವರ ಬದಲು ಮೂವರೇ ಸಾಕಾಗುವುದಾಗಿಯೂ ಪ್ರಕಟಿಸಿತು. ನಿಯಮ ಮುರಿಯದೆ ಒಬ್ಬರನ್ನು ಉಳಿಸಿದ ಈ ಜಾಣತನವನ್ನು ನೋಡಿದರೆ, ಆಸನ ಸಂಖ್ಯೆಯ ಹಿಂದೆ ಎಂಥ ಲೆಕ್ಕಾಚಾರವಿರುತ್ತದೆಂದು ತಿಳಿಯುತ್ತದೆ.

ಇನ್ನು ಬಾಗಿಲುಗಳನ್ನು ಗಮನಿಸಿ. 44ಕ್ಕಿಂತ ಹೆಚ್ಚು ಆಸನಗಳ ವಿಮಾನವನ್ನು, ಅರ್ಧದಷ್ಟು ನಿರ್ಗಮನ ದ್ವಾರಗಳನ್ನಷ್ಟೇ ಬಳಸಿ 90 ಸೆಕೆಂಡುಗಳಲ್ಲಿ ತೆರವು ಮಾಡಲು ಸಾಧ್ಯವೆಂದು ತಯಾರಕರು ತೋರಿಸಿಕೊಡಬೇಕು. ಸಿಬ್ಬಂದಿಯ ಸಂಖ್ಯೆಗೂ ಇದಕ್ಕೂ ನೇರ ನಂಟಿದೆ. 2024ರ ಜನವರಿ 2ರಂದು ಸಪ್ಪೊರೊದಿಂದ ಟೋಕಿಯೊದ ಹನೆಡಾಕ್ಕೆ ಬಂದ ಜಪಾನ್ ಏರ್‌ಲೈನ್ಸ್‌ನ ದೇಶೀಯ ವಿಮಾನವು ಇಳಿಯುವಾಗ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಧ್ವನಿವರ್ಧಕ ಕೆಟ್ಟಿತ್ತು, ಎಂಟು ದ್ವಾರಗಳಲ್ಲಿ ಬಳಸಲು ಯೋಗ್ಯವಾಗಿದ್ದವು ಮೂರೇ, ಕಾಕ್‌ಪಿಟ್‌ನ ಸಂಪರ್ಕ ಸಿಗದಿದ್ದಾಗ ಹಿಂಬದಿಯ ಎಡ ದ್ವಾರವನ್ನು ಸಿಬ್ಬಂದಿಯೇ ಸ್ವಂತ ವಿವೇಚನೆಯಿಂದ ತೆರೆದರು. ಆ ವಿಮಾನದಲ್ಲಿದ್ದ 379 ಮಂದಿಯೂ ಬದುಕಿ ಹೊರಬಂದರು. ಆ ದಿನ 367 ಪ್ರಯಾಣಿಕರಿಗೆ ಒಂಬತ್ತು ಮಂದಿ ಕ್ಯಾಬಿನ್ ಸಿಬ್ಬಂದಿ ಇದ್ದರು, ಅಂದರೆ ಸುಮಾರು 41 ಜನರಿಗೆ ಒಬ್ಬರು. (ಗಗನಸಖಿ ಎಂಬ ನಮ್ಮ ಪದ ಕೇಳಲು ಇಂಪಾಗಿದೆ, ಆದರೆ ಈ ಕೆಲಸದ ತೂಕವನ್ನಾಗಲಿ ಅದನ್ನು ಮಾಡುವ ಗಂಡಸರನ್ನಾಗಲಿ ಅದು ಒಳಗೊಳ್ಳುವುದಿಲ್ಲ.)

ವಿಮಾನದೊಳಗೆ ಎಣಿಸುವಾಗ ಒಂದು ಎಚ್ಚರ ಬೇಕು. ಸಮವಸ್ತ್ರದಲ್ಲಿದ್ದು ಪ್ರಯಾಣಿಕರ ಆಸನದಲ್ಲಿ ಕುಳಿತವರು ಬಹುಮಟ್ಟಿಗೆ ಬೇರೊಂದು ಊರಿನಲ್ಲಿ ಕೆಲಸಕ್ಕೆ ಹಾಜರಾಗಲು ಹೊರಟವರು, ಅವರನ್ನು ಲೆಕ್ಕಕ್ಕೆ ಸೇರಿಸಬಾರದು. ಟೇಕಾಫ್‌ಗೆ ಮುನ್ನ ಬಾಗಿಲುಗಳ ಬಳಿಯ ಮಡಚುವ ಆಸನಗಳಲ್ಲಿ ಬೆಲ್ಟ್ ಕಟ್ಟಿ ಕೂರುವವರನ್ನು ಮಾತ್ರ ಎಣಿಸಿ.

ಸಂಖ್ಯೆ ಸರಿಯಿದ್ದೂ ಸೇವೆ ತಡವಾದರೆ ಕಾರಣ ಸಮಯದ್ದು. ಒಂದು ಗಂಟೆಯ ಹಾರಾಟದಲ್ಲಿ ಏರುವ, ಇಳಿಯುವ ಹೊತ್ತನ್ನು ಕಳೆದು ಟ್ರಾಲಿ ತಳ್ಳಲು 20 ನಿಮಿಷ ಸಿಕ್ಕಿತೆಂದುಕೊಳ್ಳಿ. ತುಂಬಿದ ಎ320ರಲ್ಲಿ ಎರಡು ಟ್ರಾಲಿಗಳಿದ್ದರೆ ತಲಾ 93 ಜನ, ಅಂದರೆ ಒಬ್ಬರಿಗೆ ಸುಮಾರು 13 ಸೆಕೆಂಡು. ಹಣ ಕೊಟ್ಟು ಚಿಲ್ಲರೆ ಪಡೆಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಆದ್ದರಿಂದ ತಿಂಡಿ ಬೇಕಿದ್ದವರು ಮುಂಗಡವಾಗಿ ಕಾಯ್ದಿರಿಸುವುದು, ಮಕ್ಕಳಿಗೋ ವೃದ್ಧರಿಗೋ ನೆರವು ಬೇಕಿದ್ದವರು ವಿಮಾನ ಹತ್ತುವಾಗಲೇ ತಿಳಿಸುವುದು ಲೇಸು. ಇಷ್ಟು ಚಿಕ್ಕ ಹಾರಾಟಗಳಲ್ಲಿ ಮಾರಾಟವನ್ನೇ ಕೈಬಿಟ್ಟು ನೀರಷ್ಟೇ ಕೊಡುವುದು ಮೇಲೆಂಬುದು ನನ್ನ ಅಭಿಪ್ರಾಯ.

ಹೊರಡುವ ಮುನ್ನ ಸಿಬ್ಬಂದಿಯಲ್ಲಿ ಒಬ್ಬರು ಅಸ್ವಸ್ಥರಾದರೆ ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಬದಲಿಯವರು ಬೇಗ ಸಿಗಬಹುದು, ಶಿವಮೊಗ್ಗ ಅಥವಾ ಕಲಬುರಗಿಯಲ್ಲಿ ಬೇರೆ ಊರಿನಿಂದ ಬರುವವರೆಗೆ ಕಾಯಬೇಕಾದೀತು. ಅಂಥ ವಿಳಂಬವನ್ನು ಸಹಿಸಿಕೊಳ್ಳಿ. ಅದರ ಬದಲು, ಎಣಿಕೆಯಲ್ಲಿ ಒಬ್ಬರು ಕಡಿಮೆಯಿದ್ದೂ ವಿಮಾನ ಹೊರಟಿದ್ದು ಕಂಡುಬಂದರೆ ಹಾರಾಟದ ಸಂಖ್ಯೆ, ದಿನಾಂಕ, ವಿಮಾನದ ಮಾದರಿ, ಒಟ್ಟು ಆಸನಗಳು ಮತ್ತು ಮಡಚುವ ಆಸನಗಳಲ್ಲಿ ನೀವು ಎಣಿಸಿದ ಸಿಬ್ಬಂದಿ, ಇಷ್ಟನ್ನು ಬರೆದು ವಿಮಾನಯಾನ ಸಂಸ್ಥೆಗೂ ಸರ್ಕಾರದ ಏರ್‌ಸೇವಾ ಜಾಲತಾಣಕ್ಕೂ ದೂರು ಸಲ್ಲಿಸಿ.