ದಿನಕ್ಕೊಂದು ಗೇಣು: ಚಿನ್ನಿ ತನ್ನ ಹಾಸಿಗೆಗೆ ಒಗ್ಗಿಕೊಂಡದ್ದು

ನಮ್ಮ ನಾಯಿ ಚಿನ್ನಿ ಹಗಲೆಲ್ಲ ನನ್ನ ಕಾಲಿಗೆ ಅಂಟಿಕೊಂಡೇ ಓಡಾಡುವವಳು. ರಾತ್ರಿ ಮಂಚದ ಮೇಲೆ ನನ್ನ ಮೊಣಕಾಲಿನ ಹಿಂದೆ ಮುದುಡಿಕೊಂಡರೇ ಅವಳಿಗೆ ನಿದ್ದೆ. ನನಗೋ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ.

ಮೊದಲು ತಪ್ಪು ಮಾಡಿದೆ. ಹಾಲ್‌ನಲ್ಲಿ ಹಾಸಿಗೆ ಹಾಕಿ, ಅವಳನ್ನು ಅಲ್ಲಿ ಬಿಟ್ಟು, ರೂಮಿನ ಬಾಗಿಲು ಹಾಕಿಕೊಂಡೆ. ಅತ್ತು ಅತ್ತು ಸುಮ್ಮನಾಗುತ್ತಾಳೆ ಅಂದುಕೊಂಡಿದ್ದೆ. ಅರ್ಧ ಗಂಟೆ ಬಿಟ್ಟು ಬಾಗಿಲು ತೆಗೆದರೆ ಜೊಲ್ಲು ಸುರಿಯುತ್ತಿತ್ತು, ಮೈ ನಡುಗುತ್ತಿತ್ತು. ಅದು ಹಟ ಅಲ್ಲ, ಭಯ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಮರುದಿನ ಅವಳ ಹಾಸಿಗೆಯನ್ನು ನನ್ನ ಮಂಚಕ್ಕೆ ತಾಗಿಸಿಟ್ಟೆ. ಕೈ ಇಳಿಬಿಟ್ಟರೆ ಅವಳ ತಲೆ ಸಿಗಬೇಕು, ಅಷ್ಟು ಹತ್ತಿರ. ನಾನು ಹಾಕಿ ಬಿಚ್ಚಿದ, ಒಗೆಯದ ಟೀ ಶರ್ಟ್ ಒಂದನ್ನು ಮೇಲೆ ಹಾಸಿದೆ. ಹಗಲಲ್ಲಿ ಅವಳಾಗಿಯೇ ಹೋಗಿ ಅಲ್ಲಿ ಕೂತರೆ, ಮಾತಾಡದೆ ಮುಂಗಾಲುಗಳ ನಡುವೆ ಒಂದು ಚೂರು ತಿಂಡಿ ಇಡುತ್ತಿದ್ದೆ. ಮಲಗುವ ಮುಂಚೆ ಹೊರಗೆ ಸುಸ್ಸು ಮಾಡಿಸಿಕೊಂಡು ಬರುವುದು ತಪ್ಪಿಸಲಿಲ್ಲ.

ಮಂಚ ಹತ್ತಿದರೆ ಬೈಯುತ್ತಿರಲಿಲ್ಲ, ಮುದ್ದೂ ಮಾಡುತ್ತಿರಲಿಲ್ಲ. ಸುಮ್ನೆ ಕೆಳಗಿಳಿಸುತ್ತಿದ್ದೆ. ಮೊದಲ ರಾತ್ರಿ 11 ಸಲ ಇಳಿಸಿದೆ. ಒಂದು ರಾತ್ರಿ ಸುಸ್ತಾಗಿ, ಹೋಗಲಿ ಅಂತ ಬಿಟ್ಟುಬಿಟ್ಟೆ. ಮರುದಿನ ಅವಳ ಪ್ರಯತ್ನ ಇನ್ನೂ ಜಾಸ್ತಿಯಾಯಿತು. ಒಮ್ಮೆ ಫಲ ಸಿಕ್ಕರೆ ಮತ್ತೆ ಮತ್ತೆ ನೋಡುತ್ತಾರೆ ಅಲ್ವಾ?

ನನಗೆ ದಾರಿ ತೋರಿಸಿದ್ದು ಅವಳು ಮಲಗುವ ಭಂಗಿ. ಎರಡೂ ಹಿಂಗಾಲು ಮೈಕೆಳಗೆ ಮಡಚಿ, ತಲೆ ಎತ್ತಿಕೊಂಡಿದ್ದರೆ ಅವಳು ಯಾವಾಗ ಬೇಕಾದರೂ ಎದ್ದು ಬರಲು ತಯಾರು. ಸೊಂಟ ಒಂದು ಪಕ್ಕಕ್ಕೆ ವಾಲಿ, ಗದ್ದ ನೆಲಕ್ಕೆ ತಾಗಿ, ಮೂಗಿನಿಂದ ಉದ್ದದ ಉಸಿರು ಬಂತು ಅಂದರೆ ಮನಸ್ಸು ತಣ್ಣಗಾಗಿದೆ ಅಂತ. ಹಾಗೆ ಮಲಗಿದ ರಾತ್ರಿಯ ಮರುದಿನ ಮಾತ್ರ ಹಾಸಿಗೆಯನ್ನು ಒಂದು ಗೇಣು ಬಾಗಿಲ ಕಡೆಗೆ ಸರಿಸುತ್ತಿದ್ದೆ. ಹೊಸಿಲು ದಾಟಿ, ನಾನು ಕಾಣದ ಮೂಲೆಗೆ ಬಂದಾಗ ಮತ್ತೆ ಅತ್ತಳು. ಎರಡು ಗೇಣು ಹಿಂದಕ್ಕೆ ತಂದು, ಒಂದು ವಾರ ಅಲ್ಲೇ ಬಿಟ್ಟೆ.

ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಹೀಗೆ ಅಂಟಿಕೊಂಡರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕಣ್ಣು, ಕಿವಿ ಮಂದವಾಗಿರಬಹುದು, ಎಲ್ಲೋ ನೋವಿರಬಹುದು.

ಎರಡು ತಿಂಗಳು ಹಿಡಿಯಿತು. ಈಗ ಹಾಸಿಗೆ ಹೊಸಿಲಿನ ಆಚೆ, ನನ್ನ ರೂಮಿನ ಬಾಗಿಲು ತೆರೆದೇ ಇರುತ್ತದೆ. ಮಲಗುವಾಗ ಅವಳ ಮೂಗು ಇನ್ನೂ ನನ್ನ ಕಡೆಗೇ. ಅದಕ್ಕಿಂತ ದೂರ ಸರಿಸುವ ಯೋಚನೆ ನನಗಿಲ್ಲ.