ಗಂಜಿಯಲ್ಲ, ಗೆಂಜಿ: ಮೂಗಿನಲ್ಲಿ ಆಡುವ ಆಟ

ಹನ್ನೊಂದನೇ ಶತಮಾನದ ಆರಂಭದಲ್ಲಿ ಜಪಾನಿನ ಲೇಖಕಿ ಮುರಸಾಕಿ ಶಿಕಿಬು ಬರೆದ 'ಗೆಂಜಿ ಮೊನೊಗತರಿ' (ಗೆಂಜಿಯ ಕಥೆ) ಕಾದಂಬರಿಗೆ 54 ಅಧ್ಯಾಯ. ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು ಉಳಿದ 52 ಹೆಸರುಗಳನ್ನು ಜಪಾನಿನವರು 'ಗೆಂಜಿ-ಕೋ' ಎಂಬ ಪರಿಮಳದ ಆಟಕ್ಕೆ ಕೊಟ್ಟಿದ್ದಾರೆ. ಐದು ಸಲ ಮೂಸಿ, ಯಾವ ಯಾವುದು ಒಂದೇ ಪರಿಮಳ ಎಂದು ಗೆರೆ ಎಳೆದು ಹೇಳುವುದೇ ಆಟ; ಹಾಗೆ ಮೂಡುವ ಒಂದೊಂದು ಗೆರೆಚಿತ್ರಕ್ಕೂ ಒಂದೊಂದು ಅಧ್ಯಾಯದ ಹೆಸರು. ಈ ಗೆರೆಚಿತ್ರಗಳು ಕಿಮೊನೊ ಬಟ್ಟೆಗೂ ಏರಿವೆ.

ಮಂಗಳೂರಲ್ಲಿ ಆಡಲು ಅಗರು, ಶ್ರೀಗಂಧ, ಲಾವಂಚದ ಬೇರು, ದಾಲ್ಚಿನ್ನಿ, ಲವಂಗ ಸಾಕು. ಪ್ರತಿಯೊಂದರದ್ದೂ ಐದೈದು ಪೊಟ್ಟಣ, ಒಟ್ಟು 25. ಚೂರು ಅಕ್ಕಿಕಾಳಿನಷ್ಟಿರಲಿ. ಪೊಟ್ಟಣಗಳನ್ನು ಕಲಸಿ ಐದನ್ನು ಎತ್ತಿಕೊಳ್ಳಿ.

ಬಟ್ಟಲಲ್ಲಿ ಜರಡಿ ಹಿಡಿದ ಬೂದಿ, ಒಳಗೆ ಹೂತ ಗೆರಟೆ ಕೆಂಡ, ಮೇಲೆ ಮೈಕಾ ತುಂಡು (ಇಸ್ತ್ರಿಪೆಟ್ಟಿಗೆ ರಿಪೇರಿಯವರಲ್ಲಿ ಕೇಳಿ). ಮೈಕಾ ಮೇಲೆ ಸುತ್ತಿಗೊಂದು ಪೊಟ್ಟಣದ ಚೂರು ಇಡಿ. ಚೂರು ಬಿಸಿಯಾಗಬೇಕು, ಸುಡಬಾರದು. ಹೊಗೆ ಬಂದರೆ ಕೆಂಡ ಮೇಲಾಗಿದೆ ಎಂದರ್ಥ, ಇನ್ನಷ್ಟು ಬೂದಿ ಮುಚ್ಚಿ. ಧೂಪದ ರಾಳ ಬೇಡವೇ ಬೇಡ: ಕರಗಿ ಮೈಕಾಕ್ಕೆ ಅಂಟಿ ಮುಂದಿನ ವಾಸನೆಯನ್ನೂ ಕೆಡಿಸುತ್ತದೆ. ಮಳೆಗಾಲದಲ್ಲಿ ಥಂಡಿ ಹಿಡಿದ ಬೂದಿ ಕೆಂಡವನ್ನು ನಂದಿಸುತ್ತದೆ, ಮೊದಲೇ ಹುರಿದಿಡಿ. ಫ್ಯಾನ್ ಆಫ್. ಬಂಗುಡೆ ಕಾಯಿಸಿದ ದಿನ ಆಟ ಬಿಡಿ, ಮುಡಿದ ಶಂಕರಪುರ ಮಲ್ಲಿಗೆಯನ್ನೂ ಹೊರಗಿಡಿ.

ಬಟ್ಟಲು ಕೈಯಿಂದ ಕೈಗೆ ಹೋಗಲಿ, ತಲಾ ಮೂರು ಉಸಿರು. ಪ್ರತಿ ಸುತ್ತಿಗೆ ಒಂದು ನೆಟ್ಟಗೆರೆ, ಬಲದಿಂದ ಎಡಕ್ಕೆ. ಐದೂ ಮುಗಿದ ಮೇಲೆ ಒಂದೇ ಪರಿಮಳದವನ್ನು ಮೇಲ್ತುದಿಯಲ್ಲಿ ಅಡ್ಡಗೆರೆಯಿಂದ ಜೋಡಿಸಿ. ಎಡವುವುದು ಇಲ್ಲೇ: ಒಂದು ಮತ್ತು ಮೂರು ಒಂದೇ ಆದರೆ ಎರಡನೆಯದನ್ನು ಗಿಡ್ಡ ಮಾಡಿ, ಅಡ್ಡಗೆರೆ ಅದರ ತಲೆ ಮೇಲಿಂದ ಹಾಯಬೇಕು. ಯಾವುದೂ ಕೂಡದೆ ಐದೂ ಬಿಡಿಬಿಡಿ ನಿಂತರೆ ಅದು ಎರಡನೇ ಅಧ್ಯಾಯ, 'ಹಹಾಕಿಗಿ'.